ವೀಸಾ ವಿನಾಯಿತಿ ಮತ್ತು ಮುಂಗಡ ಅನುಮತಿ

ಅಲ್ಪಾವಧಿಯ ವಿದೇಶ ಪ್ರವಾಸಕ್ಕೆ ಹೊರಡುವವರನ್ನು ಇಪ್ಪತ್ತನೆಯ ಶತಮಾನದ ಸರ್ಕಾರಗಳು ಬಹುಕಾಲ ಎರಡೇ ಗುಂಪುಗಳಾಗಿ ವಿಂಗಡಿಸಿದ್ದವು. ದೂತಾವಾಸಕ್ಕೆ ಅರ್ಜಿ ಹಾಕಿ ವೀಸಾ ಪಡೆದು ಬರಬೇಕಾದವರದು ಒಂದು ಗುಂಪು, ಪಾಸ್‌ಪೋರ್ಟ್ ಒಂದಿದ್ದರೆ ನೇರವಾಗಿ ವಿಮಾನ ಹತ್ತಬಹುದಾದವರದು ಇನ್ನೊಂದು ಗುಂಪು. ಕಳೆದ ಮೂವತ್ತು ವರ್ಷಗಳಲ್ಲಿ ಈ ಎರಡರ ನಡುವೆ ಮೂರನೆಯ ವ್ಯವಸ್ಥೆಯೊಂದು ರೂಪುಗೊಂಡು, ಎರಡನೆಯ ಗುಂಪಿನವರು ಅನುಭವಿಸುತ್ತಿದ್ದ ಸ್ವಾತಂತ್ರ್ಯಕ್ಕೆ ಹೊಸದೊಂದು ಷರತ್ತನ್ನು ಸೇರಿಸಿದೆ. ಇದಕ್ಕೆ ವಿದ್ಯುನ್ಮಾನ ಪ್ರಯಾಣ ಅನುಮತಿ ಎಂದು ಹೆಸರು. ವ್ಯವಹಾರದಲ್ಲಿ ಇದನ್ನು ಇಟಿಎ ಎಂದು ಕರೆಯುತ್ತಾರೆ. ವೀಸಾದಿಂದ ವಿನಾಯಿತಿ ಪಡೆದ ದೇಶದ ಪ್ರಜೆಯೊಬ್ಬನು ಪ್ರವಾಸಕ್ಕೋ ಬಂಧುಗಳ ಭೇಟಿಗೋ ವ್ಯಾಪಾರದ ಮಾತುಕತೆಗೋ ಕೆಲವು ದಿನಗಳ ಮಟ್ಟಿಗೆ ಹೋಗುವಾಗ, ಹೊರಡುವುದಕ್ಕೆ ಮೊದಲೇ ಅಂತರ್ಜಾಲದ ಮೂಲಕ ತನ್ನ ವಿವರಗಳನ್ನು ಸಲ್ಲಿಸಿ, ಶುಲ್ಕ ಕಟ್ಟಿ, ಹೋಗಲಿರುವ ದೇಶದ ಸರ್ಕಾರದಿಂದ ಒಪ್ಪಿಗೆ ಪಡೆಯಬೇಕೆಂಬುದು ಇದರ ತಿರುಳು. ಈ ಒಪ್ಪಿಗೆಗೆ ಕಾಗದವಿಲ್ಲ, ಮುದ್ರೆಯಿಲ್ಲ. ಅದು ಸರ್ಕಾರದ ಗಣಕದಲ್ಲಿ ಪಾಸ್‌ಪೋರ್ಟಿನ ಸಂಖ್ಯೆಯೊಂದಿಗೆ ಜೋಡಿಸಿಟ್ಟ ದಾಖಲೆ ಮಾತ್ರ.

ಈ ವ್ಯವಸ್ಥೆ ಹುಟ್ಟಿದ ಬಗೆಯನ್ನು ತಿಳಿಯಲು ಪಾಸ್‌ಪೋರ್ಟ್ ಮತ್ತು ವೀಸಾಗಳ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಹಲವು ದೇಶಗಳ ನಡುವೆ ಪಾಸ್‌ಪೋರ್ಟ್ ಇಲ್ಲದೆಯೇ ಓಡಾಡಬಹುದಾಗಿತ್ತು. ಗೂಢಚಾರರ ಭಯದಿಂದ ಯುದ್ಧಕಾಲದಲ್ಲಿ ಹೇರಿದ ನಿರ್ಬಂಧಗಳು ಯುದ್ಧ ಮುಗಿದ ಮೇಲೂ ಉಳಿದವು. 1920ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸ್ ನಗರದಲ್ಲಿ ಸೇರಿದ ಸಮ್ಮೇಳನ, ಈ ನಿರ್ಬಂಧಗಳು ಕ್ರಮೇಣ ಕೊನೆಗೊಳ್ಳಲಿ ಎಂಬ ಆಶಯವನ್ನು ವ್ಯಕ್ತಪಡಿಸಿದರೂ, ಅದುವರೆಗೆ ಎಲ್ಲ ದೇಶಗಳೂ 32 ಪುಟಗಳ ಒಂದೇ ಮಾದರಿಯ ಪಾಸ್‌ಪೋರ್ಟ್ ಪುಸ್ತಿಕೆಯನ್ನು ಬಳಸಲಿ ಎಂದು ಶಿಫಾರಸು ಮಾಡಿತು. ತಾತ್ಕಾಲಿಕವೆಂದು ಭಾವಿಸಿದ್ದ ಆ ಪುಸ್ತಿಕೆಯೇ ಶಾಶ್ವತವಾಯಿತು. 1924ರ ಅಮೆರಿಕದ ವಲಸೆ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾರು ಒಳಬರಬಹುದೆಂಬ ಪರಿಶೀಲನೆಯನ್ನು ನ್ಯೂಯಾರ್ಕಿನ ಬಂದರಿನಿಂದ ವಿದೇಶಗಳಲ್ಲಿದ್ದ ತನ್ನ ದೂತಾವಾಸಗಳಿಗೆ ವರ್ಗಾಯಿಸಿತು. ವಲಸೆಯ ಇತಿಹಾಸವನ್ನು ಅಧ್ಯಯನ ಮಾಡಿದ ವಿದ್ವಾಂಸ ಅರಿಸ್ಟೈಡ್ ಝೋಲ್ಬರ್ಗ್ ಇದನ್ನು ದೂರನಿಯಂತ್ರಣವೆಂದು ಕರೆದರು. ಪ್ರಯಾಣಿಕನು ತನ್ನ ಊರು ಬಿಡುವ ಮೊದಲೇ ಗಡಿಯ ತೀರ್ಮಾನ ಆಗಿಬಿಡಬೇಕೆಂಬುದು ಆ ನೀತಿಯ ಸಾರ. ಇಂದಿನ ವಿದ್ಯುನ್ಮಾನ ಅನುಮತಿ ಇದೇ ನೀತಿಯ ಮುಂದುವರಿಕೆ.

ಎರಡನೆಯ ಮಹಾಯುದ್ಧದ ನಂತರ ಪ್ರವಾಸೋದ್ಯಮ ಮತ್ತು ವಿಮಾನಯಾನ ಬೆಳೆದಂತೆ ವೀಸಾದ ಹೊರೆ ಸರ್ಕಾರಗಳಿಗೇ ಭಾರವೆನಿಸಿತು. ಪಶ್ಚಿಮ ಯುರೋಪಿನ ದೇಶಗಳು ಪರಸ್ಪರ ಒಪ್ಪಂದ ಮಾಡಿಕೊಂಡು ವೀಸಾ ಕೈಬಿಟ್ಟವು. ಅಮೆರಿಕ 1986ರ ಕಾಯ್ದೆಯ ಮೂಲಕ ವೀಸಾ ವಿನಾಯಿತಿ ಯೋಜನೆಯನ್ನು ಪ್ರಾಯೋಗಿಕವಾಗಿ ಒಪ್ಪಿಕೊಂಡು 1988ರಲ್ಲಿ ಬ್ರಿಟನ್ ಮತ್ತು ಜಪಾನಿನ ಪ್ರಜೆಗಳಿಂದ ಆರಂಭಿಸಿತು. 2000ದಲ್ಲಿ ಯೋಜನೆ ಕಾಯಂ ಆಯಿತು. ಇದೇ ಕಾಲದಲ್ಲಿ ತಾಂತ್ರಿಕ ನೆಲಗಟ್ಟೂ ಸಿದ್ಧವಾಗುತ್ತಿತ್ತು. ಮಾಂಟ್ರಿಯಲ್ ನಗರದಲ್ಲಿ ಕೇಂದ್ರ ಕಚೇರಿಯುಳ್ಳ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1980ರಲ್ಲಿ ಯಂತ್ರ ಓದಬಲ್ಲ ಪಾಸ್‌ಪೋರ್ಟಿನ ಮಾನದಂಡವನ್ನು ಪ್ರಕಟಿಸಿತು. ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟದ ಅಡಿಯಲ್ಲಿ ಬಾಣದ ಗುರುತುಗಳಿಂದ ತುಂಬಿರುವ ಎರಡು ಸಾಲುಗಳು ಆ ಮಾನದಂಡದ ಫಲ. ಆ ಎರಡು ಸಾಲುಗಳಲ್ಲಿ ಹೆಸರು, ರಾಷ್ಟ್ರೀಯತೆ, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆಗಳೆಲ್ಲ ಅಡಕವಾಗಿರುವುದರಿಂದಲೇ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ತೋರಿಸಿದ ಪಾಸ್‌ಪೋರ್ಟನ್ನು ಸಾವಿರಾರು ಮೈಲಿ ದೂರದ ಸರ್ಕಾರವೊಂದರ ದಾಖಲೆಯೊಂದಿಗೆ ಕ್ಷಣದಲ್ಲಿ ಹೋಲಿಸಿ ನೋಡಲು ಸಾಧ್ಯವಾಗಿದೆ.

ಈ ಸಾಧ್ಯತೆಯನ್ನು ಮೊದಲು ಬಳಸಿಕೊಂಡ ದೇಶ ಆಸ್ಟ್ರೇಲಿಯಾ. ಅಲ್ಲಿನ ಕಾನೂನಿನ ಪ್ರಕಾರ ಪ್ರಜೆಯಲ್ಲದ ಪ್ರತಿಯೊಬ್ಬರಿಗೂ ಯಾವುದಾದರೊಂದು ಬಗೆಯ ವೀಸಾ ಇರಲೇಬೇಕು. ಹೀಗಾಗಿ ಇತರ ದೇಶಗಳಂತೆ ಪೂರ್ಣ ವಿನಾಯಿತಿ ಕೊಡಲು ಅದಕ್ಕೆ ಅವಕಾಶವಿರಲಿಲ್ಲ. ಇತ್ತ ಸಿಡ್ನಿಯಲ್ಲಿ 2000ದ ಒಲಿಂಪಿಕ್ಸ್ ನಡೆಯಲಿತ್ತು, ಬರುವ ಪ್ರವಾಸಿಗರ ಸಂಖ್ಯೆ ಏರಲಿತ್ತು, ದೂತಾವಾಸಗಳಲ್ಲಿ ಒಬ್ಬೊಬ್ಬರ ಪಾಸ್‌ಪೋರ್ಟಿಗೂ ಚೀಟಿ ಅಂಟಿಸುತ್ತ ಕೂರುವುದು ಆಗದ ಮಾತಾಗಿತ್ತು. 1996ರಲ್ಲಿ ಆ ದೇಶ ವಿಮಾನ ಟಿಕೆಟ್ ಕಾಯ್ದಿರಿಸುವ ಗಣಕ ಜಾಲವನ್ನೇ ಬಳಸಿಕೊಂಡು, ಟಿಕೆಟ್ ಮಾರುವ ಏಜೆಂಟರೇ ಪ್ರಯಾಣಿಕನ ಪರವಾಗಿ ಅನುಮತಿ ಪಡೆದುಕೊಡುವ ಏರ್ಪಾಟನ್ನು ಜಾರಿಗೆ ತಂದಿತು. ಕಾನೂನಿನ ಭಾಷೆಯಲ್ಲಿ ಅದು ವೀಸಾವೇ ಆಗಿದ್ದರೂ ಪಡೆಯುವವನಿಗೆ ವೀಸಾದ ಅಲೆದಾಟವಿರಲಿಲ್ಲ. ಜಪಾನ್, ಸಿಂಗಪುರ, ಮಲೇಷ್ಯಾ, ದಕ್ಷಿಣ ಕೊರಿಯಾ, ಕೆನಡಾ, ಅಮೆರಿಕ ಮೊದಲಾದ ದೇಶಗಳ ಪ್ರಜೆಗಳಿಗೆ ಇಂದಿಗೂ ಈ ಸೌಲಭ್ಯವಿದೆ. ಅನುಮತಿ ಹನ್ನೆರಡು ತಿಂಗಳು ಚಾಲ್ತಿಯಲ್ಲಿರುತ್ತದೆ, ಪ್ರತಿ ಭೇಟಿಯಲ್ಲಿ ಮೂರು ತಿಂಗಳವರೆಗೆ ಉಳಿಯಬಹುದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ವಿದ್ಯುನ್ಮಾನ ಅನುಮತಿ ಮೊದಲು ಹುಟ್ಟಿದ್ದು ತಡೆಯುವ ಉದ್ದೇಶದಿಂದಲ್ಲ, ಸುಗಮಗೊಳಿಸುವ ಉದ್ದೇಶದಿಂದ.

ಆ ಉದ್ದೇಶ ಬದಲಾದದ್ದು 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ನಂತರ. ವೀಸಾ ಇಲ್ಲದೆ ಬರುವವರ ಬಗ್ಗೆ ವಿಮಾನ ಇಳಿಯುವವರೆಗೆ ಏನೂ ತಿಳಿಯುವುದಿಲ್ಲವೆಂಬ ಆತಂಕ ಅಮೆರಿಕದ ಶಾಸಕರನ್ನು ಕಾಡಿತು. ದಾಳಿಯ ತನಿಖಾ ಆಯೋಗದ ಶಿಫಾರಸುಗಳನ್ನು ಜಾರಿಗೆ ತರಲು 2007ರಲ್ಲಿ ಮಾಡಿದ ಕಾಯ್ದೆ, ವಿನಾಯಿತಿ ಪಡೆದ ದೇಶಗಳ ಪ್ರಜೆಗಳೂ ಪ್ರಯಾಣಕ್ಕೆ ಮೊದಲು ವಿದ್ಯುನ್ಮಾನ ಅನುಮತಿ ಪಡೆಯಬೇಕೆಂದು ವಿಧಿಸಿತು. ಎಸ್ಟಾ ಎಂದು ಹೆಸರಾದ ಈ ವ್ಯವಸ್ಥೆ 2008ರ ಆಗಸ್ಟ್‌ನಲ್ಲಿ ಐಚ್ಛಿಕವಾಗಿ ಆರಂಭವಾಗಿ 2009ರ ಜನವರಿ 12ರಿಂದ ಕಡ್ಡಾಯವಾಯಿತು. ಎರಡು ವರ್ಷ ಚಾಲ್ತಿಯಲ್ಲಿರುವ ಈ ಅನುಮತಿಯ ಮೇಲೆ ಒಂದು ಭೇಟಿಯಲ್ಲಿ 90 ದಿನಗಳವರೆಗೆ ಇರಬಹುದು. 2015ರ ಕಾಯ್ದೆಯೊಂದು ಇನ್ನಷ್ಟು ಬಿಗಿ ತಂದಿತು. 2011ರ ಮಾರ್ಚ್ 1ರ ನಂತರ ಇರಾನ್, ಇರಾಕ್, ಸಿರಿಯಾ, ಸುಡಾನ್ ದೇಶಗಳಿಗೆ ಹೋಗಿಬಂದವರು, ಕೆಲವು ಸರ್ಕಾರಿ ಮತ್ತು ಸೈನಿಕ ಕರ್ತವ್ಯದ ಸಂದರ್ಭಗಳನ್ನು ಬಿಟ್ಟು, ಎಸ್ಟಾಕ್ಕೆ ಅರ್ಹರಲ್ಲವೆಂದಾಯಿತು. ಆ ಪಟ್ಟಿಗೆ ಮುಂದೆ ಬೇರೆ ದೇಶಗಳೂ ಸೇರಿದವು. ಇಂಥವರು ಅಮೆರಿಕಕ್ಕೆ ಹೋಗಲೇಬಾರದೆಂದು ಇದರ ಅರ್ಥವಲ್ಲ. ಅವರು ದೂತಾವಾಸಕ್ಕೆ ಹೋಗಿ ಸಾಮಾನ್ಯ ವೀಸಾ ಪಡೆಯಬೇಕು.

ಅಮೆರಿಕ ಹಾಕಿಕೊಟ್ಟ ದಾರಿಯಲ್ಲಿ ಇತರ ದೇಶಗಳೂ ನಡೆದವು. ಕೆನಡಾ 2016ರ ಮಾರ್ಚ್‌ನಲ್ಲಿ ತನ್ನ ಇಟಿಎಯನ್ನು ಆರಂಭಿಸಿ, ಪ್ರಯಾಣಿಕರು ಹೊಂದಿಕೊಳ್ಳಲು ಕಾಲಾವಕಾಶ ಕೊಟ್ಟು, ಅದೇ ವರ್ಷದ ನವೆಂಬರ್‌ನಿಂದ ಕಟ್ಟುನಿಟ್ಟು ಮಾಡಿತು. ವಿಮಾನದಲ್ಲಿ ಬರುವವರಿಗೆ ಮಾತ್ರ ಅನ್ವಯಿಸುವ ಆ ಅನುಮತಿಗೆ 7 ಕೆನಡಾ ಡಾಲರ್ ಶುಲ್ಕ, ಐದು ವರ್ಷಗಳವರೆಗೆ ಮಾನ್ಯತೆ. ನ್ಯೂಜಿಲೆಂಡ್ 2019ರ ಅಕ್ಟೋಬರ್ 1ರಿಂದ, ದಕ್ಷಿಣ ಕೊರಿಯಾ 2021ರ ಸೆಪ್ಟೆಂಬರ್‌ನಿಂದ, ಇಸ್ರೇಲ್ 2025ರ ಜನವರಿಯಿಂದ ಇಂಥದೇ ಕ್ರಮ ತಂದವು. ಬ್ರಿಟನ್ 2022ರ ಕಾಯ್ದೆಯಿಂದ ಅಧಿಕಾರ ಪಡೆದು, 2023ರ ನವೆಂಬರ್‌ನಲ್ಲಿ ಕತಾರ್ ದೇಶದ ಪ್ರಜೆಗಳಿಂದ ಆರಂಭಿಸಿ, 2025ರ ಜನವರಿ 8ರಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮೊದಲಾದ ಯುರೋಪೇತರ ದೇಶಗಳಿಗೂ, ಏಪ್ರಿಲ್ 2ರಿಂದ ಯುರೋಪಿನ ದೇಶಗಳಿಗೂ ವಿಸ್ತರಿಸಿತು. ಐರ್ಲೆಂಡಿನ ಪ್ರಜೆಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ನಡುವೆ ರಸ್ತೆಯ ಮೇಲೆ ತಪಾಸಣಾ ಠಾಣೆಗಳೇ ಇಲ್ಲದಿರುವುದರಿಂದ, ಡಬ್ಲಿನ್‌ಗೆ ಬಂದಿಳಿದ ಪ್ರವಾಸಿ ಬಸ್ಸಿನಲ್ಲಿ ಬೆಲ್‌ಫಾಸ್ಟಿಗೆ ಹೋದಾಗ ತನಗೆ ಅರಿವಿಲ್ಲದೆಯೇ ಬ್ರಿಟನ್ನಿನ ನಿಯಮವನ್ನು ಮುರಿದಂತಾಗಬಹುದೆಂಬ ಕಳವಳವನ್ನು ಅಲ್ಲಿನ ಪ್ರವಾಸೋದ್ಯಮ ವ್ಯಕ್ತಪಡಿಸುತ್ತಲೇ ಇದೆ.

ಯುರೋಪಿಯನ್ ಒಕ್ಕೂಟದ ವ್ಯವಸ್ಥೆ ಇವೆಲ್ಲಕ್ಕಿಂತ ವಿಸ್ತಾರವಾದದ್ದು. ಎಟಿಯಾಸ್ ಎಂಬ ಹೆಸರಿನ ಅದಕ್ಕೆ 2018ರ ಸೆಪ್ಟೆಂಬರ್‌ನಲ್ಲಿಯೇ ಕಾನೂನು ಆಗಿದ್ದರೂ ತಾಂತ್ರಿಕ ಸಿದ್ಧತೆಯ ಕಾರಣದಿಂದ ಹಲವು ಬಾರಿ ಮುಂದೂಡಿಕೆಯಾಗಿ, 2026ರ ಕೊನೆಯ ತ್ರೈಮಾಸಿಕದಲ್ಲಿ ಆರಂಭಿಸುವುದಾಗಿ ಒಕ್ಕೂಟ ಪ್ರಕಟಿಸಿದೆ. ಷೆಂಗನ್ ಪ್ರದೇಶದ 29 ದೇಶಗಳು ಮತ್ತು ಸೈಪ್ರಸ್ ಸೇರಿ 30 ದೇಶಗಳಿಗೆ ಒಂದೇ ಅನುಮತಿ ಸಾಕು. ಅದರ ಮಾನ್ಯತೆ ಮೂರು ವರ್ಷ. ಷೆಂಗನ್ ಎಂದರೆ ತಮ್ಮ ನಡುವಣ ಗಡಿ ತಪಾಸಣೆಯನ್ನು ತೆಗೆದುಹಾಕಿ ಹೊರಗಡಿಯನ್ನು ಒಟ್ಟಾಗಿ ಕಾಯಲು ಒಪ್ಪಿಕೊಂಡ ಯುರೋಪಿನ ದೇಶಗಳ ಕೂಟ. ಎಟಿಯಾಸ್‌ಗೆ ಪೂರ್ವಭಾವಿಯಾಗಿ 2025ರ ಅಕ್ಟೋಬರ್ 12ರಿಂದ ಪ್ರವೇಶ ನಿರ್ಗಮನ ದಾಖಲಾತಿ ವ್ಯವಸ್ಥೆ ಆರಂಭವಾಗಿದೆ. ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತುವ ಬದಲು ಪ್ರವಾಸಿಯ ಬೆರಳಚ್ಚು ಮತ್ತು ಮುಖಚಿತ್ರವನ್ನು ದಾಖಲಿಸಿ, ಅವನು ಬಂದ ದಿನ ಮತ್ತು ಹೋದ ದಿನಗಳನ್ನು ಗಣಕವೇ ಲೆಕ್ಕವಿಡುವುದು ಇದರ ಕ್ರಮ. ಷೆಂಗನ್ ಪ್ರದೇಶದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರಬಾರದೆಂಬ ನಿಯಮ ಹಿಂದಿನಿಂದಲೂ ಇದ್ದು, ಆಯಾ ದಿನದಿಂದ 180 ದಿನ ಹಿಂದಕ್ಕೆ ಎಣಿಸಿ ಅದನ್ನು ಲೆಕ್ಕ ಹಾಕಬೇಕಾಗುತ್ತದೆ. ಈ ಲೆಕ್ಕದಲ್ಲಿ ಆಗುವ ಒಂದೆರಡು ದಿನದ ತಪ್ಪು ಮುದ್ರೆಗಳ ಕಾಲದಲ್ಲಿ ಅಧಿಕಾರಿಯ ಕಣ್ಣಿಗೆ ಬೀಳದೆ ಹೋಗಬಹುದಿತ್ತು. ಇನ್ನು ಮುಂದೆ ಹಾಗಾಗದು.

ಅರ್ಜಿಯ ಸ್ವರೂಪ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಪಾಸ್‌ಪೋರ್ಟಿನ ವಿವರ, ಸಂಪರ್ಕ ವಿಳಾಸ, ಉದ್ಯೋಗ, ಹಿಂದಿನ ಅಪರಾಧ ಪ್ರಕರಣಗಳು, ಹಿಂದೆ ವೀಸಾ ನಿರಾಕರಣೆ ಅಥವಾ ಗಡೀಪಾರು ಆಗಿದ್ದರೆ ಅದರ ವಿವರ, ಕೆಲವು ದೇಶಗಳಲ್ಲಿ ಮುಖದ ಛಾಯಾಚಿತ್ರ, ಇವನ್ನು ಕೇಳುತ್ತಾರೆ. ಅಮೆರಿಕ 2016ರ ಡಿಸೆಂಬರ್‌ನಿಂದ ಸಾಮಾಜಿಕ ಜಾಲತಾಣದ ಖಾತೆಗಳ ವಿವರವನ್ನು ಐಚ್ಛಿಕವಾಗಿ ಕೇಳುತ್ತ ಬಂದಿದ್ದು, ಅದನ್ನು ಕಡ್ಡಾಯಗೊಳಿಸುವ ಪ್ರಸ್ತಾವವನ್ನು 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅರ್ಜಿ ಸೇರಿದ ಕೂಡಲೇ ಗಣಕವು ಅದನ್ನು ಆ ದೇಶದ ಭದ್ರತಾ ಪಟ್ಟಿಗಳೊಂದಿಗೆ ಮತ್ತು ಕಳವಾದ ಹಾಗೂ ಕಳೆದುಹೋದ ಪಾಸ್‌ಪೋರ್ಟುಗಳ ಬಗ್ಗೆ ಇಂಟರ್‌ಪೋಲ್ 2002ರಿಂದ ಇಟ್ಟುಕೊಂಡು ಬಂದಿರುವ ದತ್ತಸಂಚಯದೊಂದಿಗೆ ಹೋಲಿಸುತ್ತದೆ. ಎಲ್ಲಿಯೂ ತಾಳೆಯಾಗದಿದ್ದರೆ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಬರುತ್ತದೆ. ಯಾವುದಾದರೂ ದಾಖಲೆಯೊಂದಿಗೆ ಹೋಲಿಕೆ ಕಂಡರೆ ಅರ್ಜಿ ಅಧಿಕಾರಿಯ ಮೇಜಿಗೆ ಹೋಗಿ ಕೆಲವು ದಿನ ಹಿಡಿಯುತ್ತದೆ. ಆದ್ದರಿಂದಲೇ ಅಮೆರಿಕ ಪ್ರಯಾಣಕ್ಕೆ ಕನಿಷ್ಠ 72 ಗಂಟೆ ಮೊದಲು ಅರ್ಜಿ ಹಾಕಬೇಕೆಂದು ಸಲಹೆ ಕೊಡುತ್ತದೆ, ಎಟಿಯಾಸ್ ಸಾಮಾನ್ಯವಾಗಿ ನಾಲ್ಕು ದಿನದೊಳಗೆ, ಹೆಚ್ಚಿನ ವಿವರ ಅಥವಾ ಸಂದರ್ಶನ ಬೇಕಾದಲ್ಲಿ ಗರಿಷ್ಠ ಮೂವತ್ತು ದಿನದೊಳಗೆ ತೀರ್ಮಾನಿಸುವುದಾಗಿ ಹೇಳುತ್ತದೆ.

ಈ ವ್ಯವಸ್ಥೆಯ ನಿಜವಾದ ಕಾವಲುಗಾರ ಗಡಿಯ ಅಧಿಕಾರಿಯಲ್ಲ, ವಿಮಾನಯಾನ ಸಂಸ್ಥೆ. ಸರಿಯಾದ ದಾಖಲೆಯಿಲ್ಲದ ಪ್ರಯಾಣಿಕನನ್ನು ಕರೆತಂದ ಸಂಸ್ಥೆಗೆ ಹಲವು ದೇಶಗಳು ದಂಡ ವಿಧಿಸುತ್ತವೆ, ಅವನನ್ನು ವಾಪಸು ಕರೆದೊಯ್ಯುವ ಹೊಣೆಯನ್ನೂ ಹೊರಿಸುತ್ತವೆ. ಹೀಗಾಗಿ ಚೆಕ್-ಇನ್ ಸಮಯದಲ್ಲಿ ಸಂಸ್ಥೆಯ ಗಣಕ ಗಮ್ಯ ದೇಶದ ಗಣಕವನ್ನು ಸಂಪರ್ಕಿಸಿ, ಅನುಮತಿಯಿಲ್ಲವೆಂಬ ಉತ್ತರ ಬಂದರೆ ಬೋರ್ಡಿಂಗ್ ಪಾಸನ್ನೇ ಕೊಡುವುದಿಲ್ಲ. ಅನುಮತಿ ಇದ್ದ ಮಾತ್ರಕ್ಕೆ ಪ್ರವೇಶದ ಹಕ್ಕು ಸಿಕ್ಕಂತಲ್ಲವೆಂಬುದೂ ಅಷ್ಟೇ ಮುಖ್ಯ. ಇಟಿಎ ವಿಮಾನ ಹತ್ತುವುದಕ್ಕೆ ಒಪ್ಪಿಗೆ ಮಾತ್ರ. ದೇಶದೊಳಕ್ಕೆ ಬಿಡುವ ತೀರ್ಮಾನ ಇಳಿದ ಮೇಲೆ ವಲಸೆ ಅಧಿಕಾರಿಯದು. ಅನುಮತಿಯ ಮಾನ್ಯತೆ ಎರಡು ವರ್ಷವೆಂದರೆ ಅಷ್ಟು ಕಾಲ ಆ ದೇಶದಲ್ಲಿ ಇರಬಹುದೆಂದಲ್ಲ, ಆ ಅವಧಿಯಲ್ಲಿ ಮತ್ತೆ ಅರ್ಜಿ ಹಾಕದೆ ಹಲವು ಬಾರಿ ಹೋಗಿಬರಬಹುದೆಂದು ಅರ್ಥ. ಅದಕ್ಕೆ ಮೊದಲೇ ಪಾಸ್‌ಪೋರ್ಟಿನ ಅವಧಿ ಮುಗಿದರೆ, ಅಥವಾ ಪ್ರಯಾಣಿಕನು ಹೊಸ ಪಾಸ್‌ಪೋರ್ಟ್ ಪಡೆದರೆ, ಹಳೆಯ ಸಂಖ್ಯೆಗೆ ಜೋಡಿಸಿದ್ದ ಅನುಮತಿಯೂ ಅಲ್ಲಿಗೇ ಮುಗಿಯುತ್ತದೆ.

ಕನ್ನಡಿಗರ ಮಟ್ಟಿಗೆ ಈ ವಿಷಯ ಎರಡು ಬಗೆಯಲ್ಲಿ ಮುಖ್ಯವಾಗುತ್ತದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ ಮೊದಲಾದ ಕಡೆ ನೆಲೆಸಿ ಅಲ್ಲಿನ ಪೌರತ್ವ ಪಡೆದ ಕನ್ನಡಿಗರು ಮೊದಲ ಬಗೆಯವರು. ಅಮೆರಿಕದ ಪಾಸ್‌ಪೋರ್ಟ್ ಇರುವ ಕನ್ನಡ ಕುಟುಂಬವೊಂದು ಬೆಂಗಳೂರಿಗೆ ಬರುವ ದಾರಿಯಲ್ಲಿ ನಾಲ್ಕು ದಿನ ಲಂಡನ್ ನೋಡಬೇಕೆಂದರೆ, 2025ರ ಜನವರಿಯಿಂದೀಚೆಗೆ ಮನೆಯ ಪ್ರತಿಯೊಬ್ಬರಿಗೂ, ಕೈಗೂಸಿಗೂ ಸಹ, ಬೇರೆ ಬೇರೆಯಾಗಿ ಇಟಿಎ ಬೇಕು. ಅದೇ ಮನೆಯಲ್ಲಿ ಗಂಡನಿಗೆ ಅಮೆರಿಕದ ಪೌರತ್ವವಿದ್ದು ಹೆಂಡತಿಗೆ ಭಾರತದ ಪಾಸ್‌ಪೋರ್ಟ್ ಇದ್ದರೆ, ಅವರಿಗೆ ಇಟಿಎ ಸಾಕು, ಇವರಿಗೆ ಬ್ರಿಟನ್ನಿನ ವೀಸಾ ಬೇಕು. ಇಟಿಎಗೆ ಆಧಾರ ಪಾಸ್‌ಪೋರ್ಟ್ ಕೊಟ್ಟ ದೇಶವೇ ಹೊರತು ವಾಸಿಸುವ ದೇಶವಲ್ಲವೆಂಬ ಈ ಮಾತನ್ನು ಕೊಲ್ಲಿ ದೇಶಗಳಲ್ಲಿರುವ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರೂ ನೆನಪಿಡಬೇಕು. ದುಬೈನಲ್ಲಿ ಇಪ್ಪತ್ತು ವರ್ಷ ನೆಲೆಸಿದ್ದರೂ ಭಾರತದ ಪಾಸ್‌ಪೋರ್ಟ್ ಹೊಂದಿದವರಿಗೆ ಬ್ರಿಟನ್ನಿನ ಇಟಿಎ ಅನ್ವಯಿಸುವುದಿಲ್ಲ. ಇದಕ್ಕೆ ಅಪವಾದಗಳೂ ಉಂಟು. ಅಮೆರಿಕದ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಹೊಂದಿರುವ ಭಾರತೀಯರು 2022ರ ಏಪ್ರಿಲ್‌ನಿಂದ ಪಾಸ್‌ಪೋರ್ಟ್ ಮತ್ತು ಆ ಕಾರ್ಡ್ ತೋರಿಸಿ, ವೀಸಾ ಆಗಲಿ ಇಟಿಎ ಆಗಲಿ ಇಲ್ಲದೆ ಕೆನಡಾಕ್ಕೆ ಹೋಗಬಹುದು.

ಭಾರತದ ಪಾಸ್‌ಪೋರ್ಟಿನಲ್ಲೇ ಪ್ರವಾಸ ಮಾಡುವವರು ಎರಡನೆಯ ಬಗೆಯವರು. ಸಂಖ್ಯೆಯಲ್ಲಿ ಇವರೇ ಹೆಚ್ಚು. ಅಮೆರಿಕ, ಬ್ರಿಟನ್, ಷೆಂಗನ್ ದೇಶಗಳು, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇವುಗಳಿಗೆ ಹೋಗಲು ಭಾರತೀಯರಿಗೆ ಪೂರ್ಣ ವೀಸಾ ಬೇಕಾದ್ದರಿಂದ ಅಲ್ಲಿನ ಇಟಿಎ ಪ್ರಶ್ನೆ ಇವರಿಗೆ ಏಳುವುದಿಲ್ಲ. ಆದರೆ ಶ್ರೀಲಂಕಾ 2012ರ ಜನವರಿಯಿಂದಲೇ ತನ್ನ ಪ್ರವಾಸಿಗರಿಗೆ ಇಟಿಎ ಏರ್ಪಡಿಸಿದ್ದು, ಭಾರತೀಯರೂ ಆ ವ್ಯವಸ್ಥೆಯಡಿಯಲ್ಲೇ ಹೋಗಿಬರುತ್ತಿದ್ದಾರೆ. 2024ರ ಏಪ್ರಿಲ್‌ನಲ್ಲಿ ಆ ಕೆಲಸವನ್ನು ವಿದೇಶಿ ಖಾಸಗಿ ಕಂಪನಿಗಳ ಕೂಟಕ್ಕೆ ವಹಿಸಿದಾಗ ಶುಲ್ಕ ಏರಿದ ದೂರು ಎದ್ದು, ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶದಿಂದ ಅದನ್ನು ತಡೆಹಿಡಿದ ಮೇಲೆ ಹಳೆಯ ಸರ್ಕಾರಿ ವ್ಯವಸ್ಥೆಯೇ ಮರಳಿ ಬಂತು. ಕೀನ್ಯಾ 2024ರ ಜನವರಿಯಿಂದ ವೀಸಾವನ್ನೇ ರದ್ದುಮಾಡಿ ಬಹುತೇಕ ಎಲ್ಲ ದೇಶದವರಿಗೂ ಇಟಿಎ ತಂದಿತು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿತಾದರೂ ಆಗಮನಕ್ಕೆ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕೆಂದು ವಿಧಿಸಿದೆ. ಥಾಯ್ಲೆಂಡ್ ಕೂಡ 2025ರ ಮೇ 1ರಿಂದ ಇಂಥದೇ ಕಾರ್ಡನ್ನು ಕಡ್ಡಾಯ ಮಾಡಿದೆ. ಆಗಮನ ಕಾರ್ಡ್ ಅನುಮತಿಯಲ್ಲ, ಮಾಹಿತಿ ಸಲ್ಲಿಕೆ ಮಾತ್ರ. ಈ ಎರಡು ದೇಶಗಳಲ್ಲಿ ಅದಕ್ಕೆ ಶುಲ್ಕವಿಲ್ಲ. ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲವೆಂದು ತಿಳಿಯಲು ಇಷ್ಟು ಸಾಕು.

ಭಾರತವೂ ಈ ಬಗೆಯ ವ್ಯವಸ್ಥೆಯನ್ನು ತನ್ನ ಅತಿಥಿಗಳಿಗಾಗಿ ರೂಪಿಸಿದೆ. 2014ರ ನವೆಂಬರ್ 27ರಂದು ಕೇಂದ್ರ ಸರ್ಕಾರ ವಿದ್ಯುನ್ಮಾನ ಅನುಮತಿಯೊಂದಿಗಿನ ಆಗಮನ ವೀಸಾವನ್ನು ಆರಂಭಿಸಿದಾಗ, ಅದರಡಿ ಪ್ರವಾಸಿಗರು ಇಳಿಯಬಹುದಾದ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರೂ ಒಂದಾಗಿತ್ತು. ಮುಂದೆ ಮಂಗಳೂರೂ ಆ ಪಟ್ಟಿಗೆ ಸೇರಿತು. 2015ರಲ್ಲಿ ಅದಕ್ಕೆ ಇ-ಪ್ರವಾಸಿ ವೀಸಾ ಎಂಬ ಹೆಸರು ಬಂತು. ಹಂಪಿ, ಬಾದಾಮಿ, ಮೈಸೂರು ನೋಡಬರುವ ವಿದೇಶಿಯರಲ್ಲಿ ಅನೇಕರು ದೂತಾವಾಸದ ಮುಖ ನೋಡದೆಯೇ ಬರುವಂತಾದದ್ದು ಈ ಬದಲಾವಣೆಯಿಂದ.

ಇಲ್ಲಿಯವರೆಗಿನ ವಿವರಣೆಯಿಂದ ವಿದ್ಯುನ್ಮಾನ ಅನುಮತಿಗೆ ಎರಡು ಮುಖಗಳಿವೆ ಎಂಬುದು ಸ್ಪಷ್ಟವಾಗುತ್ತದೆ. ವೀಸಾ ಬೇಕಾಗಿದ್ದವರಿಗೆ ಅದು ತೆರೆದ ಬಾಗಿಲು, ವೀಸಾ ಬೇಡವಾಗಿದ್ದವರಿಗೆ ಅದೇ ಬಾಗಿಲಿಗೆ ಹಾಕಿದ ಚಿಲಕ. ಕೀನ್ಯಾದ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಮೊದಲು ವೀಸಾ ಪಡೆಯಬೇಕಾಗಿದ್ದ ಭಾರತೀಯರಂಥವರಿಗೆ ಅಲ್ಲಿನ ಇಟಿಎ ಅನುಕೂಲವೆನಿಸಿದರೆ, ಮೊದಲು ಏನನ್ನೂ ಕಟ್ಟದೆ ಬರುತ್ತಿದ್ದ ಹಲವು ಆಫ್ರಿಕನ್ ದೇಶಗಳ ಪ್ರಜೆಗಳಿಗೆ 30 ಡಾಲರಿನ ಹೊಸ ಹೊರೆಯಾಯಿತು. ಟೀಕೆಗಳ ನಂತರ 2025ರಲ್ಲಿ ಸರ್ಕಾರ ಆಫ್ರಿಕಾದ ಬಹುತೇಕ ದೇಶಗಳವರನ್ನು ಅದರಿಂದ ಮುಕ್ತಗೊಳಿಸಿತು. ಕೆನಡಾ 2023ರ ಜೂನ್‌ನಲ್ಲಿ ಫಿಲಿಪೀನ್ಸ್, ಥಾಯ್ಲೆಂಡ್, ಮೊರಾಕೊ ಸೇರಿದಂತೆ 13 ದೇಶಗಳ ಪ್ರಜೆಗಳಲ್ಲಿ, ಹಿಂದಿನ ಹತ್ತು ವರ್ಷಗಳಲ್ಲಿ ಕೆನಡಾ ವೀಸಾ ಪಡೆದಿದ್ದವರಿಗೆ ಅಥವಾ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರಿಗೆ, ವಿಮಾನದಲ್ಲಿ ಬರುವುದಾದರೆ ವೀಸಾ ಬದಲು ಇಟಿಎ ಸಾಕೆಂದಿತು. ಒಮ್ಮೆ ಪರೀಕ್ಷೆಗೆ ಒಳಗಾಗಿ ನಂಬಿಕೆ ಉಳಿಸಿಕೊಂಡ ಪ್ರಯಾಣಿಕನನ್ನು ಮತ್ತೆ ಮತ್ತೆ ಸಾಲಿನಲ್ಲಿ ನಿಲ್ಲಿಸಬೇಕಿಲ್ಲವೆಂಬ ಈ ತತ್ತ್ವ ನ್ಯಾಯಸಮ್ಮತವಾದದ್ದು. ಆ ಪಟ್ಟಿಯಲ್ಲಿ ಭಾರತ ಇಲ್ಲ. ನಿಯಮ ಪಾಲಿಸಿ ಹತ್ತಾರು ಬಾರಿ ಹೋಗಿಬಂದ ಭಾರತೀಯ ಪ್ರವಾಸಿಗರಿಗೂ ಇಂಥ ಹಾದಿ ತೆರೆಯಬೇಕೆಂದು ಭಾರತ ಸರ್ಕಾರ ತನ್ನ ಮಾತುಕತೆಗಳಲ್ಲಿ ಕೇಳುವುದು ಉಚಿತ.

ಇನ್ನು ಕಳವಳದ ಅಂಶಗಳು. ಮೊದಲನೆಯದು ಶುಲ್ಕ. ಎಸ್ಟಾ ಆರಂಭದಲ್ಲಿ ಉಚಿತವಾಗಿತ್ತು. 2010ರಲ್ಲಿ 14 ಡಾಲರ್, 2022ರಲ್ಲಿ 21 ಡಾಲರ್ ಆಗಿ, 2025ರ ಸೆಪ್ಟೆಂಬರ್ 30ರಿಂದ 40 ಡಾಲರಿಗೆ ಏರಿತು. ಬ್ರಿಟನ್ 10 ಪೌಂಡಿನಿಂದ ಆರಂಭಿಸಿ 2025ರ ಏಪ್ರಿಲ್‌ನಲ್ಲಿ 16 ಪೌಂಡ್ ಮಾಡಿತು. ಎಟಿಯಾಸ್ ಜಾರಿಗೆ ಬರುವ ಮೊದಲೇ ಅದರ ಶುಲ್ಕ 7 ಯೂರೋದಿಂದ 20 ಯೂರೋಗೆ ಏರಿದೆ, 18ಕ್ಕಿಂತ ಚಿಕ್ಕವರಿಗೆ ಮತ್ತು 70 ದಾಟಿದವರಿಗೆ ಅದರಿಂದ ಪೂರ್ಣ ವಿನಾಯಿತಿ ಇದೆ. ನ್ಯೂಜಿಲೆಂಡ್ ಅನುಮತಿಯೊಂದಿಗೆ ವಸೂಲು ಮಾಡುವ ಪ್ರವಾಸಿ ಸುಂಕವನ್ನು 2024ರ ಅಕ್ಟೋಬರ್‌ನಲ್ಲಿ 35ರಿಂದ 100 ನ್ಯೂಜಿಲೆಂಡ್ ಡಾಲರಿಗೆ ಏರಿಸಿತು. ಭದ್ರತೆಗಾಗಿ ತಂದ ಕ್ರಮ ಬೊಕ್ಕಸಕ್ಕೆ ಆದಾಯದ ಮೂಲವಾದಾಗ, ಶುಲ್ಕವೆಷ್ಟು ತೆರಿಗೆಯೆಷ್ಟು ಎಂಬುದನ್ನು ಪ್ರಯಾಣಿಕನಿಗೆ ತಿಳಿಸುವ ಹೊಣೆ ಸರ್ಕಾರದ ಮೇಲಿರುತ್ತದೆ.

ಎರಡನೆಯದು, ಶುಲ್ಕಕ್ಕಿಂತ ಗಂಭೀರವಾದದ್ದು, ನಿರಾಕರಣೆಯ ಪ್ರಶ್ನೆ. ಎಸ್ಟಾ ನಿರಾಕರಣೆಯ ವಿರುದ್ಧ ಮೇಲ್ಮನವಿಯಿಲ್ಲ. ಬ್ರಿಟನ್ನಿನಲ್ಲಿಯೂ ಮೇಲ್ಮನವಿಯ ಹಕ್ಕಿಲ್ಲ. ಎರಡೂ ಕಡೆ ಉಳಿಯುವ ದಾರಿ ಪೂರ್ಣ ವೀಸಾಕ್ಕೆ ಅರ್ಜಿ ಹಾಕುವುದು. ಯುರೋಪಿಯನ್ ಒಕ್ಕೂಟದ ಕಾನೂನು ಮಾತ್ರ ನಿರಾಕರಣೆಗೆ ಕಾರಣ ತಿಳಿಸಬೇಕೆಂದೂ, ತೀರ್ಮಾನ ಮಾಡಿದ ಸದಸ್ಯ ದೇಶದಲ್ಲಿ ಮೇಲ್ಮನವಿ ಸಲ್ಲಿಸಬಹುದೆಂದೂ ಹೇಳುತ್ತದೆ. ಹೆಸರಿನ ಹೋಲಿಕೆಯಿಂದಲೋ ಹಳೆಯ ದಾಖಲೆಯ ತಪ್ಪಿನಿಂದಲೋ ಗಣಕ ಒಬ್ಬನನ್ನು ಶಂಕಿತನೆಂದು ಗುರುತಿಸಿದಾಗ, ಆ ತಪ್ಪನ್ನು ತಿದ್ದುವವರು ಮನುಷ್ಯರೇ ಆಗಿರಬೇಕು, ತಿದ್ದಿಸಿಕೊಳ್ಳುವ ದಾರಿಯೂ ತೆರೆದಿರಬೇಕು. ವಿಮಾನ ಪ್ರಯಾಣಿಕರ ಮಾಹಿತಿಯ ಬಳಕೆಯ ಬಗ್ಗೆ 2022ರ ಜೂನ್‌ನಲ್ಲಿ ತೀರ್ಪು ಕೊಟ್ಟ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಮನುಷ್ಯರ ನಿಯಂತ್ರಣವಿಲ್ಲದೆ ತಾನೇ ತನ್ನ ಮಾನದಂಡಗಳನ್ನು ಬದಲಿಸಿಕೊಳ್ಳುವ ಕೃತಕ ಬುದ್ಧಿಮತ್ತೆಯನ್ನು ಇಂಥ ಪೂರ್ವಪರಿಶೀಲನೆಗೆ ಬಳಸುವಂತಿಲ್ಲವೆಂದು ಹೇಳಿದೆ. ಈ ತತ್ತ್ವವನ್ನು ಎಲ್ಲ ದೇಶಗಳೂ ತಮ್ಮ ಅನುಮತಿ ವ್ಯವಸ್ಥೆಗೆ ಅಳವಡಿಸಿಕೊಳ್ಳಬೇಕಾದದ್ದು ನ್ಯಾಯ.

ಮೂರನೆಯದು ಮೋಸದ ಜಾಲತಾಣಗಳ ಹಾವಳಿ. ಹುಡುಕುಯಂತ್ರದಲ್ಲಿ ಇಟಿಎ ಎಂದು ಹುಡುಕಿದಾಗ ಮೊದಲಿಗೆ ಕಾಣುವುದು ಹಲವು ವೇಳೆ ಸರ್ಕಾರದ ತಾಣವಲ್ಲ, ಜಾಹೀರಾತು ಕೊಟ್ಟು ಮೇಲೆ ಬಂದ ಮಧ್ಯವರ್ತಿಯ ತಾಣ. ಅಲ್ಲಿ ಕೆನಡಾದ ಏಳು ಡಾಲರಿನ ಅನುಮತಿಗೆ ಹಲವು ಪಟ್ಟು ಹಣ ಕೇಳುತ್ತಾರೆ, ಕೆಲವರು ಹಣ ಪಡೆದು ಅರ್ಜಿಯನ್ನೇ ಸಲ್ಲಿಸುವುದಿಲ್ಲ. ಇನ್ನೂ ಆರಂಭವಾಗದ ಎಟಿಯಾಸ್ ಹೆಸರಿನಲ್ಲಿಯೂ ಇಂಥ ತಾಣಗಳು ಹುಟ್ಟಿಕೊಂಡಿವೆಯೆಂದು ಒಕ್ಕೂಟವೇ ಎಚ್ಚರಿಸಿದೆ. ನಷ್ಟ ಹಣದ್ದು ಮಾತ್ರವಲ್ಲ, ಪಾಸ್‌ಪೋರ್ಟಿನ ಎಲ್ಲ ವಿವರಗಳೂ ಅಪರಿಚಿತರ ಕೈಸೇರುತ್ತವೆ.

ಕನ್ನಡ ನಾಡಿನವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಂಶ ಹೆಸರಿನದು. ಇಲ್ಲಿನ ಅನೇಕರಿಗೆ ಉಪನಾಮವಿಲ್ಲ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಕೆಲವರ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತದೆ, ಕೆಲವರದರಲ್ಲಿ ಒಂದೇ ಹೆಸರಿದ್ದು ಉಪನಾಮದ ಜಾಗ ಖಾಲಿ ಇರುತ್ತದೆ. ಅನುಮತಿಯ ಅರ್ಜಿಯಲ್ಲಿ, ಟಿಕೆಟಿನಲ್ಲಿ, ಆಗಮನ ಕಾರ್ಡಿನಲ್ಲಿ ಹೆಸರು ಬೇರೆ ಬೇರೆ ಬಗೆಯಲ್ಲಿದ್ದರೆ ಗಣಕ ಅವರನ್ನು ಬೇರೆ ಬೇರೆ ವ್ಯಕ್ತಿಗಳೆಂದೇ ತಿಳಿಯುತ್ತದೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿ ವೀಸಾದವರಿಗೆ ಪ್ರವೇಶವಿಲ್ಲವೆಂದು ಹೇಳಿ, ಆಮೇಲೆ ತಂದೆಯ ಹೆಸರು ಪಾಸ್‌ಪೋರ್ಟಿನಲ್ಲಿದ್ದರೆ ಆಗಬಹುದೆಂದು ಸಡಿಲಿಸಿದ್ದು ಈ ತೊಂದರೆ ಕಾಲ್ಪನಿಕವಲ್ಲವೆಂಬುದಕ್ಕೆ ಸಾಕ್ಷಿ. ಎಲ್ಲ ಅರ್ಜಿಗಳಲ್ಲಿಯೂ ಪಾಸ್‌ಪೋರ್ಟಿನ ಅಡಿಯ ಎರಡು ಸಾಲುಗಳಲ್ಲಿ ಇರುವಂತೆಯೇ ಹೆಸರನ್ನು ಬರೆಯುವುದು ಸುರಕ್ಷಿತ ಕ್ರಮ.

ವಿಮಾನ ಬದಲಿಸುವುದಕ್ಕಾಗಿ ಮಾತ್ರ ಇಳಿಯುವ ದೇಶಕ್ಕೂ ಅನುಮತಿ ಬೇಕಾಗಬಹುದೆಂಬುದನ್ನು ಮರೆಯಬಾರದು. ಅಮೆರಿಕ, ಕೆನಡಾ, ನ್ಯೂಜಿಲೆಂಡ್‌ಗಳ ಮೂಲಕ ಬೇರೆಡೆಗೆ ಹೋಗುವ ವಿನಾಯಿತಿ ದೇಶಗಳ ಪ್ರಜೆಗಳಿಗೆ ಅಲ್ಲಿನ ಅನುಮತಿ ಬೇಕು. ಬ್ರಿಟನ್ನಿನ ಹೀಥ್ರೂ ಮತ್ತು ಮ್ಯಾಂಚೆಸ್ಟರ್ ನಿಲ್ದಾಣಗಳಲ್ಲಿ ಗಡಿ ತಪಾಸಣೆಯನ್ನು ದಾಟದೆ ವಿಮಾನ ಬದಲಿಸುವವರಿಗೆ 2025ರಲ್ಲಿ ಇಟಿಎಯಿಂದ ವಿನಾಯಿತಿ ಸಿಕ್ಕಿತು. ನಿಯಮಗಳು ಇಷ್ಟು ಬೇಗ ಬದಲಾಗುತ್ತಿರುವಾಗ ಹಿಂದಿನ ಪ್ರವಾಸದ ಅನುಭವವಾಗಲಿ ಬಂಧುಗಳ ಮಾತಾಗಲಿ ಆಧಾರವಾಗಲಾರದು.

ಆದ್ದರಿಂದ ವಿದೇಶಕ್ಕೆ ಹೊರಡುವ ಪ್ರತಿಯೊಬ್ಬರೂ ಟಿಕೆಟ್ ಕೊಳ್ಳುವ ಮೊದಲೇ, ತಮ್ಮ ಕೈಯಲ್ಲಿರುವ ಪಾಸ್‌ಪೋರ್ಟಿನ ದೇಶವನ್ನು ಆಧಾರವಾಗಿಟ್ಟುಕೊಂಡು, ಹೋಗುವ ಮತ್ತು ಹಾದುಹೋಗುವ ದೇಶಗಳ ಸರ್ಕಾರಿ ಜಾಲತಾಣಗಳಲ್ಲಿಯೇ ನಿಯಮವನ್ನು ನೋಡಿಕೊಳ್ಳಬೇಕು. ಮಧ್ಯವರ್ತಿಗಳ ಕೈಗೆ ಪಾಸ್‌ಪೋರ್ಟಿನ ವಿವರ ಕೊಡಬಾರದು. ಪ್ರಶ್ನೆಗಳಿಗೆ ಸತ್ಯವಾದ ಉತ್ತರವನ್ನೇ ಬರೆಯಬೇಕು, ಏಕೆಂದರೆ ಅರ್ಜಿಯಲ್ಲಿ ಬರೆದ ಸುಳ್ಳು ದಾಖಲೆಯಾಗಿ ಉಳಿದು ಮುಂದಿನ ವೀಸಾಗಳಿಗೂ ತೊಡಕಾಗುತ್ತದೆ. ಒಪ್ಪಿಗೆಯ ಸಂದೇಶ ಬಂದ ಮೇಲೆ ಅದರಲ್ಲಿರುವ ಪಾಸ್‌ಪೋರ್ಟ್ ಸಂಖ್ಯೆಯನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಬೇಕು. ಅಂತರ್ಜಾಲದ ಬಳಕೆ ತಿಳಿಯದ ಹಿರಿಯರು ಮನೆಯಲ್ಲಿದ್ದರೆ ಈ ಕೆಲಸವನ್ನು ಕಿರಿಯರು ಅವರ ಪಕ್ಕದಲ್ಲೇ ಕೂತು, ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿ, ಉತ್ತರವನ್ನು ಅವರಿಂದಲೇ ಪಡೆದು ಮುಗಿಸಿಕೊಡಬೇಕು.